ಯೋಬಪ್ಪ ಹಾಕದ ರುಜು

ಸುವಾರ್ತಮ್ಮನ ಪಡಸಾಲೆಯಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು. ಕುರುಗೋಡಿನಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಗೋಡೆ. ಮಗಳು ಕೃಪಾವತಿ ಗಣಿತದ ಪುಸ್ತಕ ಹಿಡಿದು ಬಂದಳು.

“ಅವ್ವಾ, ಈ ಲೆಕ್ಕ ಹೆಂಗ ಬಿಡಿಸೋದು?”

“ನನಗ ಬರಂಗಿಲ್ಲ ಅಂತ ಎಷ್ಟು ಸಲ ಹೇಳ್ಬೇಕು?” ಸುವಾರ್ತಮ್ಮ ಮೊರವನ್ನು ನೆಲಕ್ಕೆ ಕುಕ್ಕಿದಳು.

ಸಿಟ್ಟು ಮಗಳ ಮೇಲಲ್ಲ, ಗಂಡನ ಮೇಲೆ. ಯೋಬಪ್ಪ ಸಣ್ಣ ಪ್ರಾರ್ಥನಾ ಸಭೆ ನಡೆಸುತ್ತಾನೆ. ಮಗಳನ್ನು ಶಾಲೆಗೆ ಕಳಿಸದೆ ದೇವರ ವಾಕ್ಯ, ಪಾಠ ಎರಡನ್ನೂ ಮನೆಯಲ್ಲೇ ಕಲಿಸೋಣವೆಂದು ಇಬ್ಬರೂ ಕೂಡಿಯೇ ನಿರ್ಧರಿಸಿದ್ದರು. ಎಂಟನೆಯವರೆಗೆ ಓದಿದ ಸುವಾರ್ತಮ್ಮ ಅಲ್ಲಿಯವರೆಗೆ ಚೆನ್ನಾಗಿಯೇ ಕಲಿಸಿದಳು. ಈಗ ಹುಡುಗಿಗೆ ಹದಿನೈದು. ನರ್ಸ್ ಆಗುವ ಆಸೆ. ಹತ್ತನೆಯದು ಪಾಸಾಗದೆ ಆ ದಾರಿಯೇ ಇಲ್ಲ.

ಬಳ್ಳಾರಿ ಕಂಟೋನ್ಮೆಂಟಿನ ಫಿಲೋಮಿನಾ ಟೀಚರ್ ಮನೆಪಾಠದ ಕ್ರೈಸ್ತ ಕುಟುಂಬಗಳ ಬಳಗ ಕಟ್ಟಿದ್ದಾರೆ. ಸಿರುಗುಪ್ಪದಿಂದಲೂ ಜನ ಬರುತ್ತಾರೆ. ಟೀಚರ್ ಶನಿವಾರ ಗಣಿತ, ವಿಜ್ಞಾನ ಹೇಳಿಕೊಡುತ್ತಾರೆ, ಪುಸ್ತಕ ಕೊಡುತ್ತಾರೆ, ಪರೀಕ್ಷೆಯ ಅರ್ಜಿ ತುಂಬಿಸುತ್ತಾರೆ. ತಂದೆ ತಾಯಿ ಇಬ್ಬರ ರುಜು ಇರುವ ಪತ್ರ ಮಾತ್ರ ಕೇಳುತ್ತಾರೆ. ತನ್ನನ್ನು ಕೇಳದೆ ಮಗುವನ್ನು ಸೇರಿಸಿಕೊಂಡರೆಂದು ಹಿಂದೊಬ್ಬ ತಂದೆ ಬಂದು ಬಾಗಿಲಲ್ಲೇ ಕೂಗಾಡಿದ್ದನಂತೆ. ಸುವಾರ್ತಮ್ಮ ಪತ್ರ ಬರೆದು ಎಂಟು ತಿಂಗಳಾಯಿತು. ಯೋಬಪ್ಪ ರುಜು ಹಾಕಿಲ್ಲ.

ಅಷ್ಟರಲ್ಲಿ ಅವನೇ ಬಂದ. ನಾನು ಬಿಡಲಿಲ್ಲ.

“ಯಾಕಲೇ ಯೋಬಪ್ಪಾ, ಒಂದು ರುಜು ಹಾಕಾಕ ಕೈ ನೋವೇನು?”

“ಪಾರಮ್ಮತ್ತಿ, ನಿಮಗ ತಿಳಿಯಂಗಿಲ್ಲ. ಅವ್ರು ದೀಕ್ಷಾಸ್ನಾನಕ್ಕ ತಲಿ ಮ್ಯಾಲ ನೀರು ಚಿಮುಕಿಸೋರು. ನಾವು ಕಾಲುವಿಯಾಗ ಮುಳುಗಿ ಎದ್ದೋರು.”

“ಬೀಜಗಣಿತಕ್ಕೂ ದೀಕ್ಷಾಸ್ನಾನ ಬೇಕೇನು?”

“ನಗಬ್ಯಾಡ್ರಿ. ಸಂಡೇಸ್ಕೂಲಿಂದು ಸರ್ಟಿಫಿಕೇಟ್ ಐತಿ ಆಕಿಗೆ. ಫಸ್ಟ್ ಕ್ಲಾಸ್!”

“ನರ್ಸಿಂಗ್ ಸೀಟು ಕೊಡೋರಿಗೆ ತೋರ್ಸು ಹೋಗು. ಹೊಳ್ಳಿಸಿ ಕಳಿಸ್ತಾರ.”

ಯೋಬಪ್ಪ ದನಿ ತಗ್ಗಿಸಿದ. “ಮಗಳು ಅವ್ರ ಸಭಿಗೇ ಹೋಗಿಬಿಟ್ರ?”

ಸುವಾರ್ತಮ್ಮ ಎದ್ದು ನಿಂತಳು. “ಇಷ್ಟು ವರ್ಷ ನಾ ಕಲಿಸಿದ್ದು ಶನಿವಾರದ ಎರಡು ತಾಸಿನ್ಯಾಗ ಅಳಿಸಿ ಹೋಗ್ತತೇನು? ಅಷ್ಟು ಹಗುರ ಕಲಿಸೀನೇನು ನಾನು? ನನಗ ಗೊತ್ತಿದ್ದಷ್ಟು ಕೊಟ್ಟೆ, ಮುಗೀತು. ಇನ್ನ ಮ್ಯಾಲ ಇದು ಮನಿಪಾಠ ಅಲ್ಲ, ಮಗಳನ್ನ ಮನ್ಯಾಗ ಕುಂದರ್ಸೋದು. ಅನುಮಾನ ಇದ್ರ ನೀವೂ ಬಂದು ಆಕಿ ಬಾಜೂಕ ಕುಂದರ್ರಿ!”

ಓಣಿಗೆಲ್ಲ ಬೋಧಿಸುವವನು ಅಂಗಿಯ ಜೇಬು ತಡಕಿದ. “ಪೆನ್ನು ಎಲ್ಲೈತಿ?” ಎಂದ.

ಅವನು ಪೆನ್ನು ಹುಡುಕಲಿ, ಅಷ್ಟರಲ್ಲಿ ನಿಮಗೊಂದು ಮಾತು. ಮನೆಯಲ್ಲೇ ಕಲಿಸುವ ತಂದೆ ತಾಯಿಗಳೇ, ಹದಿನಾಲ್ಕು ತುಂಬಿದ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೆಯ ಪರೀಕ್ಷೆ ಬರೆಯಬಹುದು. ಜನನ ಪ್ರಮಾಣಪತ್ರ ತೆಗೆದಿಡಿ. ನೋಂದಣಿಯ ಕೊನೆಯ ದಿನ ವಿಚಾರಿಸಿ. ನಿಮಗೆ ಬಾರದ ಪಾಠಕ್ಕೆ ಇನ್ನೊಂದು ಮನೆಯ ಬಾಗಿಲು ತಟ್ಟಿ. ಅದು ಬೇರೆ ಸಭೆಯವರ ಮನೆಯೇ ಆಗಿರಲಿ! ನಿಮ್ಮ ನಿಮ್ಮ ಜಗಳಕ್ಕೆ ಮಕ್ಕಳ ವರ್ಷ ಹಾಳು ಮಾಡಬೇಡಿ. ಎಂಟು ತಿಂಗಳು ನೋಡಿ ನೋಡಿ ನನಗೇ ಸಾಕಾಗಿದೆ.

ಯೋಬಪ್ಪ ರುಜು ಹಾಕಿದ. ಕೃಪಾವತಿ ಪತ್ರವನ್ನು ತೆಗೆದುಕೊಂಡು ಲಕೋಟೆಗೆ ಸೇರಿಸಿದಳು. “ತಾ, ನಾಳಿ ಬಳ್ಳಾರಿಗೆ ಹೋದಾಗ ನಾನೇ ಟೀಚರಿಗೆ ಕೊಡ್ತೀನಿ” ಎಂದು ಕೈ ಚಾಚಿದ.

ಕೃಪಾವತಿ ಕೊಡಲಿಲ್ಲ. ಚಪ್ಪಲಿ ಮೆಟ್ಟಿ ಬಿಸಿಲಲ್ಲೇ ಅಂಚೆ ಕಚೇರಿಗೆ ನಡೆದಳು. ಪತ್ರವನ್ನು ತನ್ನ ಕೈಯಾರೆ ಡಬ್ಬಿಗೆ ಹಾಕಿದಳು.