ಏಳು ಮರಿಗಳ ಕಿವಿ

ರೈ ಹಿಟ್ಟಿನ ಹನ್ನೆರಡನೆಯ ರೊಟ್ಟಿಗೆ ಸಾಲ್ವೋರ್ ಬೆಣ್ಣೆ ಸವರುತ್ತಿದ್ದಳು. ಹೊಗೆ ಹಾಕಿದ ಕುರಿಮಾಂಸವನ್ನು ತೆಳ್ಳಗೆ ಹೆರೆದು ರೊಟ್ಟಿಯ ಮೇಲಿಟ್ಟು, ಮಡಚಿ, ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ಜೋಡಿಸಬೇಕು. ಇನ್ನೂ ಎಂಟು ಉಳಿದಿದ್ದವು. ಹೊರಗೆ ಅವಳ ಅಣ್ಣ ಗ್ರಿಮುರ್ ಜೀಪಿನಲ್ಲಿ ಕೂತು ಹಾರನ್ ಒತ್ತಿ ಹಿಡಿದಿದ್ದ.

"ಏನೇ, ದ್ವೀಪ ಸುತ್ತೋಕೆ ಹೊರಟಿದೀವೋ, ಮದುವೆ ಊಟ ಹಾಕ್ಸೋಕೋ?"

"ಹಸಿವಾದಾಗ ಹಾರನ್ ತಿಂತೀಯಾ? ಸುಮ್ನೆ ಕೂತ್ಕೋ."

ಗ್ರಿಮುರನಿಗೆ ಎಪ್ಪತ್ತನಾಲ್ಕು. ಕಣ್ಣು ಮಂಜಾಗಿ ಹೋದ ವರ್ಷವೇ ಡ್ರೈವಿಂಗ್ ಲೈಸೆನ್ಸ್ ಕಳೆದುಕೊಂಡಿದ್ದ. ಹುಟ್ಟಿದಾಗಿನಿಂದ ಉತ್ತರದ ಆ ಒಂದೇ ಕಣಿವೆಯನ್ನು ನೋಡಿದ್ದವನಿಗೆ, ಇದ್ದಷ್ಟು ಬೆಳಕು ಆರುವ ಮೊದಲು ಐಸ್‌ಲ್ಯಾಂಡನ್ನು ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಬೇಕೆಂಬ ಹಂಬಲ. ಅವನ ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ಮದುವೆಯಾಗದ ಸಾಲ್ವೋರ್ ಅರವತ್ತೆಂಟು ವರ್ಷವೂ ಅದೇ ಮನೆಯಲ್ಲಿ ಬೇಯಿಸಿ, ತೊಳೆದು, ಕುರಿ ಕಾದು ಬದುಕಿದವಳು. ನೀನೇ ಜೀಪು ಓಡಿಸಬೇಕು ಅಂದಾಗ ಅವಳು ಒಂದು ಮಾತೂ ಆಡದೆ ಒಪ್ಪಿದಳು. ಎದುರಾಡದೆ ಉಪ್ಪನ್ನೂ ಬಡಿಸದವಳು ಒಪ್ಪಿದ್ದು ಯಾಕೆಂದು ಅಣ್ಣ ಕೇಳಲಿಲ್ಲ.

ಆ ಹೆದ್ದಾರಿ ಪೂರ್ವದ ಒಂದು ಮೀನುಗಾರರ ಊರಿನ ಮೇಲೆ ಹೋಗುತ್ತಿತ್ತು. ಅಲ್ಲಿ ಸೋಲ್ವಿ ಇದ್ದ. ಅವನಿಗೆ ಬರೆದ ಕಾಗದ ಸಾಲ್ವೋರಳ ಕೈಚೀಲದಲ್ಲಿತ್ತು. ಮೂವತ್ತೊಂದು ವರ್ಷದಿಂದ ಆ ಕಾಗದ ಹಳದಿಯಾದಾಗಲೆಲ್ಲ ಹೊಸ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಳೇ ಹೊರತು ಅಂಚೆಗೆ ಹಾಕಿರಲಿಲ್ಲ. ಈ ಸಲ ಕೈಯಾರೆ ಕೊಟ್ಟುಬಿಡಬೇಕು, ಅವನ ಹೆಸರಿಗೆ ಹತ್ತಿದ ಮಸಿಯನ್ನು ಸಾಯುವುದರೊಳಗೆ ತೊಳೆಯಬೇಕು ಎಂದು ಹಟ ತೊಟ್ಟಿದ್ದಳು.

ಆಗಿದ್ದು ಇಷ್ಟು. ಅವರ ಕಣಿವೆಯಲ್ಲಿ ಮೇ ತಿಂಗಳ ಮರಿಗಳಿಗೆ ಮನೆಮನೆಗೊಂದು ಗುರುತಿನಂತೆ ಕಿವಿ ಕತ್ತರಿಸಿ ಬೆಟ್ಟಕ್ಕೆ ಬಿಡುತ್ತಾರೆ. ಬೇಸಿಗೆಯೆಲ್ಲ ಎಲ್ಲರ ಕುರಿಯೂ ಕಲೆತು ಮೇಯುತ್ತವೆ. ಸೆಪ್ಟೆಂಬರಿನಲ್ಲಿ ಊರವರು ಕುದುರೆಯೇರಿ ಹೋಗಿ ಹೊಡೆದುಕೊಂಡು ಬಂದು, ದುಂಡನೆಯ ಕಲ್ಲು ದೊಡ್ಡಿಯಲ್ಲಿ ಕೂಡಿ, ಕಿವಿ ನೋಡಿ ಬೇರ್ಪಡಿಸುತ್ತಾರೆ. ಗ್ರಿಮುರನ ಗುರುತು ಬಲಗಿವಿಯ ತುದಿ ನೇರ, ಎಡಗಿವಿಗೆ ಒಂದು ಕಚ್ಚು. ಪಕ್ಕದ ಮನೆಯ ಸೋಲ್ವಿಯದು ಅದರ ತಿರುವುಮುರುವು. ಮರಿಯನ್ನು ಕಾಲುಗಳ ನಡುವೆ ಇರುಕಿ, ಬೆನ್ನ ಕಡೆಯಿಂದ ಬಾಗಿ ಕತ್ತರಿಸುವುದು ವಾಡಿಕೆ. ಆಗ ನಮ್ಮ ಬಲಗಡೆಯದೇ ಮರಿಯ ಬಲಗಿವಿ.

ಮೂವತ್ತೊಂದು ವರ್ಷದ ಹಿಂದೆ, ಆ ವಸಂತದಲ್ಲಿ ಗ್ರಿಮುರ್ ಕೈ ಮುರಿದುಕೊಂಡಿದ್ದ. ಚಾಕು ಸಾಲ್ವೋರಳ ಕೈಗೆ ಬಂತು. ಮೇ ತಿಂಗಳಲ್ಲೂ ಹಿಮ ಬಿದ್ದು ಏಳು ಮರಿ ಸಾಯುವ ಹಾಗಿದ್ದವು. ಅವನ್ನು ಒಲೆಯ ಹತ್ತಿರ ತಂದು, ಒಂದೊಂದನ್ನೇ ಮಡಿಲಲ್ಲಿ ಎದುರುಮುಖ ಕೂರಿಸಿಕೊಂಡು ಬಾಟಲಿ ಹಾಲು ಕುಡಿಸಿ, ಹಾಗೆಯೇ ಕಿವಿ ಕತ್ತರಿಸಿ, ಚೇತರಿಸಿಕೊಂಡ ಮೇಲೆ ತಾಯಿಕುರಿಗಳ ಹತ್ತಿರ ಬಿಟ್ಟಳು. ಎದುರುಬದುರಾದಾಗ ಎಡಬಲ ಅದಲುಬದಲಾಗುತ್ತದೆಂದು ನಿದ್ದೆಗೆಟ್ಟ ತಲೆಗೆ ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಆ ಏಳೂ ಓಡಿಬಂದು ಗ್ರಿಮುರನ ಕುರಿಗಳ ಮೊಲೆಗೆ ಬಾಯಿಟ್ಟವು. ಕಿವಿಯಲ್ಲಿ ಮಾತ್ರ ಸೋಲ್ವಿಯ ಗುರುತು. "ಕಿವಿಗಳ್ಳ!" ಎಂದು ಗ್ರಿಮುರ್ ದೊಡ್ಡಿಯ ನಡುವೆ ನಿಂತು ಕೂಗಿದ. ಬೆಟ್ಟದಲ್ಲಿ ಕಂಡವರ ಮರಿ ಹಿಡಿದು ತನ್ನ ಗುರುತು ಹಾಕಿದ್ದಾನೆ ಎಂದರ್ಥ. ಅದಕ್ಕಿಂತ ಹೊಲಸು ಬೈಗುಳ ಆ ಕಣಿವೆಯಲ್ಲಿ ಇಲ್ಲ. ಸಾಲ್ವೋರ್ ಗೋಡೆಯ ಪಕ್ಕ ಕೆಟಲು ಹಿಡಿದು ಕಾಫಿ ಬಗ್ಗಿಸುತ್ತಿದ್ದಳು. ಮರಿಗಳನ್ನು ಕಂಡ ಕೂಡಲೇ ತಿಳಿಯಿತು. ಬಾಯಿ ಬರಲಿಲ್ಲ. ಆ ವರ್ಷ ಸೋಲ್ವಿಯನ್ನು ಬೆಟ್ಟದ ದೊರೆ ಮಾಡುವುದಿತ್ತು, ಅಂದರೆ ಕುರಿ ಹೊಡೆಯಲು ಹೋಗುವವರಿಗೆಲ್ಲ ಮುಂದಾಳು. ಆ ಪಟ್ಟ ಗ್ರಿಮುರನಿಗೆ ಬಂತು. ಸೋಲ್ವಿಯ ಮನೆಗೆ ಜನ ಕಾಫಿಗೆ ಹೋಗುವುದು ನಿಂತಿತು. ಮುಂದಿನ ವಸಂತಕ್ಕೆ ಅವನು ಮಂದೆ ಮಾರಿ, ಹೆಂಡತಿ ಮಗಳನ್ನು ಕರೆದುಕೊಂಡು, ಪೂರ್ವದ ಕಡಲತೀರಕ್ಕೆ ಮೀನು ಕಾರ್ಖಾನೆಯ ಕೂಲಿಗೆ ಹೋದ.

ಮೊದಲ ದಿನ ಪಶ್ಚಿಮದ ಲಾವಾ ಬಯಲುಗಳನ್ನು ದಾಟಿದರು. ಕಪ್ಪು ಕಲ್ಲಿನ ಮೇಲೆ ಹಾವಸೆ ಕುರಿಯ ಉಣ್ಣೆಯಷ್ಟು ದಪ್ಪ ಬೆಳೆದಿತ್ತು. ಎರಡನೆಯ ದಿನ ದಕ್ಷಿಣದ ಜಲಪಾತಗಳು. ಒಂದರ ಮುಂದೆ ಇಪ್ಪತ್ತು ಬಸ್ಸು ನಿಂತಿದ್ದವು.

"ನೀರು ಮೇಲಿಂದ ಕೆಳಗೆ ಬೀಳೋದನ್ನ ನೋಡೋಕೆ ಇಷ್ಟು ಜನಾನಾ?" ಎಂದ ಗ್ರಿಮುರ್. "ನಮ್ಮನೆ ಹಿಂದೇನೂ ಬೀಳುತ್ತೆ. ಒಂದು ನಾಯೀನೂ ಬರಲ್ಲ."

"ನೀನಿದೀಯಲ್ಲ ಅಲ್ಲಿ, ಅದಕ್ಕೇ ಬರಲ್ಲ."

ಅವನು ನಕ್ಕ. ಅಣ್ಣ ನಕ್ಕರೆ ಸಾಲ್ವೋರಳಿಗೆ ಸಂಕಟವಾಗುತ್ತಿತ್ತು. ಇವನಿಂದಲೂ ಮುಚ್ಚಿಟ್ಟಿದ್ದೇನಲ್ಲ, ಗೊತ್ತಿಲ್ಲದೆ ಕೂಗಿದ ಪಾಪದವನನ್ನೂ ಪಾಪಕ್ಕೆ ಸೇರಿಸಿದೆನಲ್ಲ ಎಂದು.

ಮಧ್ಯಾಹ್ನ ಹಿಮನದಿಗಳ ಕೆಳಗಿನ ಕರಿಮರಳಿನ ಬಯಲಿಗೆ ಬಂದಾಗ ಗಾಳಿ ಎದ್ದಿತು. ಮೊದಲು ದಾರಿ ಮಾಯವಾಯಿತು, ಆಮೇಲೆ ಜೀಪಿನ ಮೂತಿಯೂ. ಸಾಲ್ವೋರ್ ಅಂಚಿಗೆ ತಂದು ನಿಲ್ಲಿಸಿದಳು. ಬಾಗಿಲು ತೆರೆದರೆ ಆ ಗಾಳಿ ಬಾಗಿಲನ್ನೇ ಕಿತ್ತುಕೊಂಡು ಹೋಗುತ್ತದೆ, ಹಾಗಾಗಿ ಇಳಿಯುವ ಮಾತೇ ಇಲ್ಲ. ಮರಳು ತಗಡನ್ನು ಉಜ್ಜುವ ಸದ್ದಿನಲ್ಲಿ ಇಬ್ಬರೂ ರೊಟ್ಟಿಯ ಡಬ್ಬಿ ಬಿಚ್ಚಿ ಕೂತರು. ಸೋಲ್ವಿಯ ಊರು ಇನ್ನೊಂದೇ ದಿನದ ದಾರಿ. ಹೇಳುವುದಿದ್ದರೆ ಈಗಲೇ.

"ಅಣ್ಣ, ಆ ಏಳು ಮರಿ ಸೋಲ್ವಿ ಕತ್ತರಿಸಿದ್ದಲ್ಲ. ನಾನು. ಮಡಿಲಲ್ಲಿ ಕೂರಿಸ್ಕೊಂಡು ತಿರುವುಮುರುವು ಕತ್ತರಿಸ್ಬಿಟ್ಟೆ."

ಗ್ರಿಮುರ್ ಅಗಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು," ಎಂದ.

"ಏನು ಗೊತ್ತು?"

"ಗೊತ್ತು ಅಂದ್ನಲ್ಲ. ಅವತ್ತೇ ಗೊತ್ತಾಯ್ತು. ಗಾಯ ಪೂರ್ತಿ ಮಾಗಿತ್ತು, ಹುಟ್ಟಿದಾಗ ಹಾಕಿದ್ದು. ಅದೂ ಅಲ್ದೆ ನೀನು ಮರಿ ಹಿಡಿಯೋದು ನಾನು ನೋಡಿಲ್ವಾ? ಮಗೂಗೆ ಮುತ್ತು ಕೊಡೋ ಹಾಗೆ."

"ಮತ್ಯಾಕೆ ಕೂಗಿದೆ?"

"ಕೂಗಿದ ಮೇಲೆ ಗೊತ್ತಾಯ್ತು. ಊರೆಲ್ಲ ನಿಂತಿರೋವಾಗ ಕೂಗಿದ್ದನ್ನ ನುಂಗೋಕಾಗುತ್ತಾ?" ಅವನು ಬೆರಳಿನ ಬೆಣ್ಣೆಯನ್ನು ನೆಕ್ಕಿದ. "ಆಮೇಲೆ ನನ್ನನ್ನೇ ದೊರೆ ಮಾಡಿದ್ರು. ಇಪ್ಪತ್ತೆರಡು ವರ್ಷ. ಕೆಟ್ಟದಾಗಿ ಮಾಡಿದ್ನಾ ಹೇಳು? ಒಂದು ಕುರೀನ ಬೆಟ್ಟದಲ್ಲಿ ಬಿಟ್ಟು ಬಂದಿದೀನಾ?"

"ನಿನ್ನಿಂದ ಮುಚ್ಚಿಟ್ಟಿದೀನಿ ಅಂತ ನಾನು ದಿನಾ ಸಾಯ್ತಿದ್ದೆ."

"ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಮನೆ ನೆಮ್ಮದಿಯಾಗಿತ್ತು. ಇನ್ನೊಂದು ರೊಟ್ಟಿ ಕೊಡು."

ಅವಳು ಕೊಟ್ಟಳು. ಕೈ ಅಭ್ಯಾಸದಿಂದ ಕೊಟ್ಟಿತು. ತಾನು ಮೂವತ್ತೊಂದು ವರ್ಷ ಕಾದದ್ದು ತನ್ನ ಗುಟ್ಟನ್ನಲ್ಲ, ಇವನದನ್ನು ಎಂದು ಆ ರೊಟ್ಟಿ ಕೊಟ್ಟ ಮೇಲೆ ಅವಳಿಗೆ ಅರ್ಥವಾಯಿತು.

ಗಾಳಿ ಇಳಿದಾಗ ನೋಡಿದರೆ ಜೀಪಿನ ಒಂದು ಮಗ್ಗುಲಿನ ಬಣ್ಣವೆಲ್ಲ ಮರಳಿಗೆ ಹೋಗಿ ಬರೀ ತಗಡು ಉಳಿದಿತ್ತು. ಗ್ರಿಮುರ್ ಇಳಿದು ಅದನ್ನು ಕೈಯಿಂದ ಸವರಿ ಸವರಿ ಕಣ್ಣಲ್ಲಿ ನೀರು ತಂದುಕೊಂಡ. "ಒಂದು ಗೀರಿಲ್ಲದ ಹಾಗೆ ಇಟ್ಟಿದ್ದೆ ಕಣೇ," ಎಂದ. ಅವಳು ಅಣ್ಣನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಹಿಮನದಿ ಒಡೆದು ನೀಲಿ ಗಡ್ಡೆಗಳಾಗಿ ಕೊಳದಲ್ಲಿ ತೇಲುವ ಜಾಗ. ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ನೋಡಲೆಂದೇ ಗ್ರಿಮುರ್ ಹೊರಟಿದ್ದು. ಸಾಲ್ವೋರ್ ನಿಲ್ಲಿಸಲಿಲ್ಲ.

"ಆ ನೀಲಿ ಮಂಜುಗಡ್ಡೆ ಇನ್ನೂ ಬರ್ಲಿಲ್ವಾ?" ಎಂದ ಎಷ್ಟೋ ಹೊತ್ತಿನ ಮೇಲೆ.

"ಹಿಂದೆ ಹೋಯ್ತು."

"ಹೇಳ್ಲೇ ಇಲ್ಲ?"

"ನೀನು ಕೇಳ್ಲಿಲ್ಲ."

ಮೂರನೆಯ ದಿನ ಪೂರ್ವದ ಕಡಲಕೊರಕಲುಗಳು. ದಾರಿ ಒಂದೊಂದು ಕೊಲ್ಲಿಯ ಒಳಗೂ ಹೋಗಿ ಹೊರಗೆ ಬರುತ್ತದೆ. ಒಂದು ಕಡೆ ಮೆಟ್ಟಿಲು ಮೆಟ್ಟಿಲಾದ ಬೆಟ್ಟ, ಇನ್ನೊಂದು ಕಡೆ ಸೀಸದ ಬಣ್ಣದ ನೀರು. ಊರಿನ ಅಂಗಡಿಯಲ್ಲಿ ಕೇಳಿದಾಗ ಸೋಲ್ವಿಯ ಶೆಡ್ಡು ತೋರಿಸಿದರು. ಗ್ರಿಮುರ್ ಜೀಪಿನಿಂದ ಇಳಿಯಲಿಲ್ಲ.

ಸೋಲ್ವಿ ತೊಟ್ಟಿಯ ಮುಂದೆ ಕೂತು ಗಾಳಕ್ಕೆ ಮೀನಿನ ತುಂಡು ಚುಚ್ಚುತ್ತಿದ್ದ. ತಲೆಯಲ್ಲಿ ಒಂದು ಕೂದಲಿರಲಿಲ್ಲ. ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಸಾಲ್ವೋರ್. ಕೈಯಲ್ಲಿ ಕೆಟಲು ಇಲ್ದೆ ಗುರುತು ಸಿಗಲಿಲ್ಲ."

ಅವಳು ಕೈಚೀಲ ತೆರೆದಳು. ಕಾಗದ ಮುಂದೆ ಹಿಡಿದಳು. "ಆ ಮರಿಗಳನ್ನ ನಾನು..."

"ಗೊತ್ತು. ಅವತ್ತು ನಿನ್ನ ಮುಖ ನೋಡಿದೆ. ಲೋಟ ತುಂಬಿದ್ರೂ ಬಗ್ಗಿಸ್ತಾನೇ ಇದ್ದೆ. ಈಗ ಹೇಳ್ತಾಳೆ, ಸಂಜೆಗೆ ಹೇಳ್ತಾಳೆ ಅಂತ ಕಾದೆ. ಚಳಿಗಾಲ ಪೂರಾ ಕಾದೆ." ಅವನು ಕಾಗದ ತೆಗೆದುಕೊಳ್ಳಲು ಕೈ ಎತ್ತಲಿಲ್ಲ. "ಇದರಲ್ಲೇನಿದೆ?"

"ನೀನು ಕದ್ದಿಲ್ಲ ಅಂತ."

"ನಾನು ಕದ್ದಿಲ್ಲ ಅಂತ ನನಗೆ ಕಾಗದ ಬರೀತೀಯಾ?" ಅವನು ಇನ್ನೊಂದು ಗಾಳಕ್ಕೆ ಕೈ ಹಾಕಿದ. "ಕಳ್ಳ ಅಂತ ಕೇಳಿಸ್ಕೊಂಡವರು ದೊಡ್ಡಿ ಹತ್ರ ನಿಂತಿದ್ರು. ಹೇಳೋದಿದ್ರೆ ಅಲ್ಲಿ ಹೇಳು."

"ಅವರಲ್ಲಿ ಅರ್ಧ ಜನ ಸತ್ತಿದಾರೆ, ಸೋಲ್ವಿ."

"ಇನ್ನರ್ಧಕ್ಕೆ ಹೇಳು. ನನ್ನ ಮಗಳು ಆ ಕಡೆ ಕುದುರೆ ಕೊಳ್ಳೋಕೆ ಹೋದ್ರೆ, 'ಓ, ಕಿವಿಗಳ್ಳನ ಮಗಳಾ' ಅಂದ್ರಂತೆ. ಅಂದವನು ಆವಾಗ ಹುಟ್ಟೇ ಇರ್ಲಿಲ್ಲ."

ಅವನು ಮತ್ತೆ ತೊಟ್ಟಿಯ ಕಡೆ ತಿರುಗಿದ. ಬಾಗಿಲಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಆ ನಾಡಿನಲ್ಲಿಲ್ಲ. ಅವನು ಕಾಫಿಯ ಮಾತೆತ್ತಲಿಲ್ಲ.

ಅಂಗಡಿಯ ಮೂಲೆಯಲ್ಲೇ ಅಂಚೆಯ ಕೌಂಟರ್ ಇತ್ತು. ಸಾಲ್ವೋರ್ ಒಂದು ಹೊಸ ಲಕೋಟೆ ಕೊಂಡು, ಜೀಪಿನ ಮೂತಿಯ ಮೇಲೆ ಕಾಗದ ಹರಡಿ ಓದಿದಳು. ನಾಲ್ಕು ಪುಟ. ಹಿಮ ಬಿದ್ದಿತ್ತು, ನಿದ್ದೆ ಇರಲಿಲ್ಲ, ಮರಿಗಳು ನಡುಗುತ್ತಿದ್ದವು. ಎಷ್ಟು ಸಲ ನಕಲು ಮಾಡಿದರೂ ನೆಪಗಳು ಒಂದೂ ಕಡಿಮೆಯಾಗದೆ ಕೊಬ್ಬಿದ್ದವು. ಮೂರು ಪುಟ ಹರಿದು ಜೇಬಿಗೆ ತುರುಕಿದಳು. ಉಳಿದುದರಲ್ಲಿ ಸೋಲ್ವಿಯ ಹೆಸರು ಹೊಡೆದು, ದೊಡ್ಡಿಯ ಸಮಿತಿಗೆ, ಕುರಿ ಬೇರ್ಪಡಿಸುವ ದಿನ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು ಎಂದು ಬರೆದಳು. ಆ ಪುಟದಲ್ಲಿದ್ದದ್ದು ಇಷ್ಟೇ: ಮರಿಗಳ ಕಿವಿ ಕತ್ತರಿಸಿದ್ದು ನಾನು. ಸೋಲ್ವಿ ಕದ್ದಿಲ್ಲ. ಅವತ್ತೇ ನನಗೆ ಗೊತ್ತಿತ್ತು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಗ್ರಿಮುರನಿಗೂ ಗೊತ್ತಿತ್ತು.

ಕಿಟಕಿ ಇಳಿಸಿ ಗ್ರಿಮುರ್ ಕೇಳಿದ, "ಅವನು ತಗೊಳ್ಲಿಲ್ವಾ? ಮತ್ಯಾರಿಗೆ ಅದು?"

"ದೊಡ್ಡಿಗೆ. ಇನ್ನು ಎರಡು ವಾರಕ್ಕೆ ಓದ್ತಾರೆ."

ಅವನು ಕತ್ತನ್ನು ಕಿಟಕಿಯ ಹೊರಗೆ ಚಾಚಿದ. "ನನ್ನ ಹೆಸರೂ ಇದೆಯಾ?"

"ಇದೆ."

"ತಲೆ ಕೆಟ್ಟಿದೆಯೇನೇ? ಆಮೇಲೆ ಆ ಊರಲ್ಲಿ ತಲೆ ಎತ್ಕೊಂಡು ತಿರುಗ್ತೀಯಾ?"

"ಸೋಲ್ವಿ ಹೇಗೆ ತಿರುಗಿದ್ನೋ ಹಾಗೆ."

"ಅದನ್ನ ಹಾಕಿದ್ರೆ ನನ್ನ ಮನೆ ಮೆಟ್ಟಿಲು ಹತ್ಬೇಡ. ಹೇಳಿದೀನಿ."

"ಹತ್ತಲ್ಲ ಬಿಡು. ಅಲ್ಲಿವರೆಗೆ ಜೀಪು ಯಾರು ಓಡಿಸ್ತಾರೆ, ಅದನ್ನ ಯೋಚ್ನೆ ಮಾಡು."

ಅವನು ಮಂಜು ಕಣ್ಣುಗಳನ್ನು ಕಡಲ ಕಡೆ ತಿರುಗಿಸಿ ಕೂತ. ಸಾಲ್ವೋರ್ ಒಳಗೆ ಹೋದಳು. ಕೌಂಟರಿನ ಹೆಂಗಸು ಲಕೋಟೆ ತಿರುಗಿಸಿ ವಿಳಾಸ ಓದಿದಳು.

"ಅಯ್ಯೋ, ಉತ್ತರದವರಾ? ಊರಿಗೇ ಹೋಗೋರು ಕೈಯಲ್ಲೇ ಕೊಡಬಹುದಿತ್ತಲ್ಲಮ್ಮ."

"ಕೈಯಲ್ಲಿದ್ರೆ ನಾನು ಕೊಡಲ್ಲ," ಎಂದಳು ಸಾಲ್ವೋರ್. "ನೀವೇ ಕಳಿಸಿ."

ಹೆಂಗಸು ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು.