ಕೆಂಪು ಕಡ್ಡಿಗಳು

"ಆ ಕಿಟಕಿ ಪೂರ್ತಿ ತೆಗೀರಿ," ಎಂದಳು ಬಡಗಿಯ ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಹೆದರಿಕೆಯಾಗಿದ್ದೇ ಅದಕ್ಕೆ.

ಬೆಳಕು ಬಿದ್ದಾಗ ಅವನಿಗೂ ಕಂಡಿತು. ಲೇಸು ಹೆಣೆಯುವ ದಿಂಬಿನ ಮೇಲೆ, ಗುಂಡುಸೂಜಿಗಳ ನಡುವೆ ಹರಡಿದ್ದ ಬಿಳಿ ಲೇಸು ಕೊನೆಯ ಗೇಣಿನಲ್ಲಿ ಚಹಾ ಚೆಲ್ಲಿದಂತೆ ಕೆಂಪಗಾಗಿತ್ತು. ಅದು ಮಗಳ ಮದುವೆ ಬಟ್ಟೆಯ ಅಂಚು, ಮದುವೆ ನಾಳಿದ್ದು. ನಿನ್ನೆ ಸಂಜೆಯ ಮಬ್ಬಿನಲ್ಲಿ ಅವಸರವಾಗಿ ಹೆಣೆದ ಭಾಗ, ಬಣ್ಣ ಗೊತ್ತಾಗಿರಲಿಲ್ಲ.

ತಪ್ಪು ಯಾರದೆಂದು ಹುಡುಕಬೇಕಾಗಿರಲಿಲ್ಲ. ನೂಲು ಸುತ್ತುವ ಹಳೆಯ ಕಡ್ಡಿಗಳು ಸವೆದಿವೆಯೆಂದು, ಹೇಳದೆ ಕೇಳದೆ, ಕೆಂಪು ಮರದಲ್ಲಿ ಹೊಸವನ್ನು ಕಡೆದು ತಂದವನು ಅವನೇ. ಮರದ ಚೆಲುವು ಮುಚ್ಚಿಹೋದೀತೆಂದು ವಾರ್ನಿಷನ್ನೂ ಹಚ್ಚಿರಲಿಲ್ಲ. ಅವಳ ಬೆರಳಿನ ಬೆವರಿಗೆ ಮರ ಬಣ್ಣ ಬಿಟ್ಟಿತ್ತು. ಮರಕ್ಕೆ ತಾಗಿ, ಕೊನೆಗೆ ಬಿಚ್ಚಿಕೊಳ್ಳುವ ಒಳಸುತ್ತಿನ ನೂಲು ಅದನ್ನೆಲ್ಲ ಕುಡಿದು ಕೂತಿತ್ತು.

ಅವನು ಕೆಂಪು ಕಡ್ಡಿಗಳನ್ನು ಕಿತ್ತು ಒಲೆಗೆ ಹಾಕಲು ಕೈಚಾಚಿದ.

"ಅಮ್ಮಾ, ಅಪ್ಪನ್ನ ಒಲೆ ಹತ್ರ ಬಿಡಬೇಡ. ಕಡ್ಡಿ ಜೊತೆ ತಾವೂ ಹಾರ್ತಾರೆ," ಎಂದಳು ಮೂಲೆಯಲ್ಲಿ ಕೂತಿದ್ದ ಮಗಳು. ಯಾರೂ ನಗಲಿಲ್ಲ, ಅವಳೂ ಕೂಡ.

ಹೆಂಡತಿ ಅವನ ಕೈ ಸರಿಸಿದಳು. "ಹೊಸ ಮರ ಬಣ್ಣ ಬಿಡುತ್ತೇನೋ ಅಂತ ನಂಗೆ ಅನುಮಾನ ಇತ್ತು. ನೀವು ಕಡ್ಡಿ ಕೊಟ್ಟು ಅಷ್ಟು ಆಸೆಯಿಂದ ನನ್ನ ಮುಖ ನೋಡ್ತಿದ್ರಲ್ಲ, ಬೇಡ ಅನ್ನೋದು ಹೇಗೆ?"

ಆಮೇಲೆ ಬಿಚ್ಚತೊಡಗಿದಳು. ಒಂದು ಸೂಜಿ ಕಿತ್ತರೆ ಒಂದು ಹೆಣಿಗೆ ಹಿಂದಕ್ಕೆ. ಬಲಕ್ಕೆ ಹೋಗಿದ್ದ ಕಡ್ಡಿ ಎಡಕ್ಕೆ, ಎಡದ್ದು ಬಲಕ್ಕೆ. ಬಡಗಿ ನೋಡುತ್ತಲೇ ನಿಂತ. ತಾನು ಮರದಲ್ಲಿ ಒಮ್ಮೆ ಕೆತ್ತಿದ್ದನ್ನು ಯಾವ ಕಾಲಕ್ಕೂ ವಾಪಸು ಅಂಟಿಸಲಾರ. ಇವಳ ಬೆರಳುಗಳೋ, ಬಂದ ದಾರಿಯನ್ನೇ ಹಿಮ್ಮುಖವಾಗಿ, ಒಂದು ತಿರುವೂ ಮರೆಯದೆ ನಡೆಯುತ್ತಿದ್ದವು. ಇಷ್ಟು ವರ್ಷ ಜೊತೆಗಿದ್ದೂ ತಾನು ಇದನ್ನು ಕೂತು ನೋಡಿದ್ದೇ ಇಲ್ಲವಲ್ಲ ಎನಿಸಿತು ಅವನಿಗೆ.

ಬಿಳಿ ನೂಲು ಸಿಕ್ಕಿದ ಕಡೆ ಕೆಂಪನ್ನು ಕತ್ತರಿಸಿ, ಬಿಳಿಯ ತುದಿಯನ್ನು ಹಳೆಯ ಕಡ್ಡಿಗಳ ನೂಲಿಗೆ ಗಂಟು ಹಾಕಿದಳು. ಕೆಂಪು ನೂಲಿನ ರಾಶಿಯನ್ನು ಅವನ ಕೈಗೆ ಹಾಕಿದಳು.

"ಇದನ್ನ ನಿಮ್ಮ ಕಡ್ಡಿಗಳಿಗೇ ಸುತ್ತಿ. ಉಳಿದ ಬಣ್ಣ ಇದೇ ಕುಡೀಲಿ. ಆಮೇಲೆ ಮೇಲೆ ಬಿಳೀದು ಸುತ್ಕೋತೀನಿ. ಮುಂದೆ ಇವಳಿಗೊಂದು ಮಗು ಆದಾಗ ಅದಕ್ಕೆ ಟೋಪಿ ಮಾಡೋಕಾಗುತ್ತೆ."

ಮಗಳು ಎದ್ದು ಒಳಗೆ ಹೋದಳು.

ದಿಂಬಿನ ಮೇಲೆ ಸವೆದ ಕಡ್ಡಿಗಳು ಮತ್ತೆ ಟಕಟಕ ಎನ್ನತೊಡಗಿದವು. ಬಡಗಿ ಅವಳ ಕಾಲ ಬಳಿ ಕೂತು, ತನ್ನ ದಪ್ಪ ಬೆರಳುಗಳಿಂದ, ಆ ಸದ್ದಿಗೆ ತಕ್ಕಂತೆ ಒಂದೊಂದೇ ಸುತ್ತು ಸುತ್ತತೊಡಗಿದ.