ಇಪ್ಪತ್ತನಾಲ್ಕನೇ ದಿನದ ಶಾಸ್ತ್ರ

‘ಚಪ್.’

ರಾತ್ರಿ ಎರಡು ಗಂಟೆಯ ಇಷ್ಟು ಸಣ್ಣ ಸದ್ದಿನಿಂದ ಕಥೆ ಶುರುಮಾಡಬಹುದೇ? ನನಗೆ ಧೈರ್ಯ ಸಾಲದು. ಕಳ್ಳ ಬಂದ ಎಂದು ನೀವು ಕಾದು ಕೂತರೆ ಮುಂದಿನ ಪುಟಕ್ಕೆ ಕಳ್ಳನನ್ನು ನಾನು ಎಲ್ಲಿಂದ ತರಲಿ? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅದು ಇಪ್ಪತ್ತೆರಡು ದಿನದ ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿದ ಸದ್ದು. ಅದಾಗಿ ಒಂದು ನಿಮಿಷಕ್ಕೆ ಅಳು ಬರುತ್ತದೆ. ಆ ಒಂದು ನಿಮಿಷ ಅದರ ತಾಯಿ ವನಮಾಲಾ ಗೋಡೆಯ ಕಡೆ ತಿರುಗಿ, ಉಸಿರು ಬಿಗಿಹಿಡಿದು, ‘ನಾನಿಲ್ಲಿ ಇಲ್ಲ, ನಾನಿಲ್ಲಿ ಇಲ್ಲ’ ಎಂದುಕೊಳ್ಳುತ್ತಾಳೆ.

(ಊರು ಸಾಗರ, ವರ್ಷ ೧೯೬೬. ತವರಿನಲ್ಲಿ ಮೊದಲ ಬಾಣಂತನ. ಇಷ್ಟು ಸಾಕಲ್ಲ?)

೧

ಮೊದಲ ಡ್ರಾಫ್ಟ್: ‘ತಾಯ್ತನದ ಹೊಸ ಬೆಳಕು ವನಮಾಲಾಳ ಮುಖದಲ್ಲಿ ಹೊಳೆಯುತ್ತಿತ್ತು.’ ಹರಿದುಹಾಕಿದೆ. ಹೊಳೆಯುತ್ತಿದ್ದದ್ದು ಹರಳೆಣ್ಣೆ.

ಎರಡನೆಯದನ್ನು ಶುರುಮಾಡುವ ಮೊದಲೇ ವನಮಾಲಾ ನನ್ನ ಎದುರಿಗೆ ಬಂದು ಕೂತಳು. ತಲೆಗೆ ಬಟ್ಟೆ ಕಟ್ಟಿದ್ದಳು, ಕಿವಿಯಲ್ಲಿ ಹತ್ತಿ.

“ನಂಗೆ ಏನಾಗಿದೆ ಅಂತ ಬರೀರಿ.”

“ಅದರ ಹೆಸರು ನನಗೆ ಗೊತ್ತಿಲ್ಲ.”

“ಬಿ.ಎ. ಓದಿದ್ದೀರಲ್ಲ?”

“ನೀನೂ ಓದಿದ್ದೀಯಲ್ಲ?”

ಹೆಸರುಗಳಿಗೇನು ಬರವಿರಲಿಲ್ಲ. ಅವಳ ತಾಯಿ ಮೀನಾಕ್ಷಮ್ಮನ ಪ್ರಕಾರ ಅದು ದೃಷ್ಟಿ. ಪಕ್ಕದ ಮನೆಯವರ ಪ್ರಕಾರ ಗಾಳಿ. ಡಾಕ್ಟರ ಚೀಟಿಯಲ್ಲಿ ‘ವೀಕ್‌ನೆಸ್’, ಅದರ ಕೆಳಗೊಂದು ಟಾನಿಕ್ಕು. ತೀರ್ಥಹಳ್ಳಿಯಿಂದ ನೋಡಲು ಬಂದ ಅತ್ತೆ, ಓದಿದ ಹುಡುಗಿಯರ ಸೊಕ್ಕು ಎಂದು ಹೇಳಿ, ಕಾಫಿ ಕುಡಿದು ಹೋದರು. ಉಳಿದದ್ದು ಸನ್ನಿ. ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಬಾಣಂತಿ ಸನ್ನಿ ಎಂದು ಒಮ್ಮೆ ಅಂದುಬಿಟ್ಟರೆ ಮಗು ಅತ್ತೆಮನೆಗೆ ಹೋಗುತ್ತದೆ; ತಾಯಿ ತವರಲ್ಲೇ ಉಳಿಯುತ್ತಾಳೆ, ಬಹುಶಃ ಕೊನೆಯವರೆಗೂ.

“ಹಾಲು ಕುಡಿಸ್ತೀನಿ, ಬಟ್ಟೆ ಬದಲಿಸ್ತೀನಿ,” ಎಂದಳು ವನಮಾಲಾ. “ಆದ್ರೆ ಅದು ಯಾರದೋ ಕೂಸು, ಯಾರಾದ್ರೂ ಕೇಳ್ಕೊಂಡು ಬರ್ತಾರೆ ಅಂತ ಕಾಯ್ತಾ ಇರ್ತೀನಿ. ಹೀಗೆ ಬರೀಬಹುದಾ?”

(ಬರೆದೆ. ಇದನ್ನು ಹರಿದುಹಾಕಲಿಲ್ಲ.)

೨

ಮಾರನೇ ದಿನ ಮಧ್ಯಾಹ್ನ ಮೀನಾಕ್ಷಮ್ಮ ತೊಟ್ಟಿಲ ಪಕ್ಕ ಮಲಗಿದ್ದಾಗ ವನಮಾಲಾ ಎದ್ದು ಬಸ್ ಸ್ಟ್ಯಾಂಡಿಗೆ ನಡೆದಳು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಹತ್ತಿದಳು. ಅವಳ ಗಂಡ ಅಲ್ಲಿ ಮೇಷ್ಟರು. ‘ಗಂಡನ ನೆನಪಾಯಿತು’ ಎಂದು ನಾನು ಬರೆಯುವಷ್ಟರಲ್ಲಿ ಅವಳೇ ತಡೆದಳು.

“ಅವ್ರ ಹತ್ರ ಅಲ್ಲ. ಯಾವ ಊರಿಗೂ ಅಲ್ಲ. ಬಸ್ಸು ಹೊರಡತ್ತಲ್ಲ, ಅದಕ್ಕೆ.”

ಈ ಮಾತಿಗೆ ನಾನು ಹೆದರಿದೆ. ನೀವೂ ಹೆದರಬೇಕು.

ಆದರೆ ಓಡಿಹೋಗುವವರು ವೇಷವನ್ನಾದರೂ ಮರೆಸಿಕೊಳ್ಳುತ್ತಾರೆ. ಇವಳು ತಲೆಬಟ್ಟೆಯನ್ನೂ ಬಿಚ್ಚಿರಲಿಲ್ಲ. ಬಸ್ಸಿನ ತುಂಬಾ ಬೆಳ್ಳುಳ್ಳಿ, ಸಾಂಬ್ರಾಣಿ ವಾಸನೆ. ಕಂಡಕ್ಟರ್ ಅವಳ ಸೆರಗಿನ ಕಡೆ ಬಗ್ಗಿ ನೋಡಿದ.

“ಕೂಸೆಲ್ಲಮ್ಮಾ? ಅಡಗಿಸಿಟ್ಕಬೇಡಿ, ಕೂಸಿಗೆ ಟಿಕೆಟ್ ಕೇಳಲ್ಲ.”

ವನಮಾಲಾ ಸೆರಗನ್ನು ಇನ್ನಷ್ಟು ಎಳೆದು ಹೊದ್ದುಕೊಂಡಳು. ಹಿಂದಿನ ಸೀಟಿನಿಂದ ಒಂದು ದನಿ ಬಂತು:

“ಕೂಸು ಮನೇಲೈತೆ. ಇವ್ರು ನನ್ನ ಕರಿಯಕ್ಕೆ ಬಂದಿದ್ದು. ನೀ ಸೀಟಿ ಊದು, ಹೋಗು!”

ಅದು ಗುತ್ಯಮ್ಮ, ದಿನಾ ಬೆಳಿಗ್ಗೆ ತಾಯಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರೆರೆಯುವವಳು. ಕೆಲಸ ಮುಗಿಸಿ ತನ್ನ ಊರಿಗೆ ಹೊರಟಿದ್ದಳು. ವನಮಾಲಾಳ ರಟ್ಟೆ ಹಿಡಿದು ಇಳಿಸಿ, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿದಳು.

“ನಂಗೂ ಹಿಂಗೇ ಆಗಿತ್ತು ಮಗಾ, ಮೂರನೇದಕ್ಕೆ. ಎರಡು ತಿಂಗ್ಳು ಅದ್ರ ಮಕ ನೋಡಕ್ಕೆ ಮನಸಿರ್ಲಿಲ್ಲ.”

“ಆಮೇಲೆ?”

“ಆಮೇಲೆ ಒಂಚೂರು ನಿದ್ದೆ ಬಂತು. ಈಗ ಮನೇಲಿ ನನ್ ತಲೆ ಜಾಸ್ತಿ ತಿನ್ನೋನು ಅವ್ನೇ.”

“ನಂಗೆ ಯಾವತ್ತೂ ಸರಿ ಹೋಗ್ದೇ ಇದ್ರೆ?”

“ಅದೆಲ್ಲ ನಂಗೊತ್ತಿಲ್ಲ. ಇವತ್ತು ಮಲ್ಕ.”

೩

ಬಾಗಿಲಲ್ಲಿ ಮೀನಾಕ್ಷಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದರು.

“ಇಪ್ಪತ್ಮೂರನೇ ದಿನಕ್ಕೇ ಹೊಸ್ತಿಲು ದಾಟಿದ್ದೀಯಲ್ಲೇ! ನಿನ್ನ ಅತ್ತೆಗೆ ಗೊತ್ತಾದ್ರೆ?”

ಗುತ್ಯಮ್ಮ ನಡುವೆ ನಿಂತಳು. “ದಾಟ್ಲೇಬೇಕಿತ್ತಲ್ಲಮ್ಮ. ನಾಳೆ ಇಪ್ಪತ್ನಾಲ್ಕು. ಶಾಸ್ತ್ರಕ್ಕೆ ಮುಂಚೆ ಒಂದ್ಸಲ ಬಿಸ್ಲು ಕಾಣ್ಬೇಕು.”

“ಯಾವ ಶಾಸ್ತ್ರ?”

“ನಿಮಗ್ ಗೊತ್ತಿಲ್ದೇ ಇದ್ಯಾ! ಅವತ್ತಿಂದ ದಿನಾ ಎರೆದಾದ್ಮೇಲೆ ಬಾಣಂತಿ ಮೂರು ತಾಸು ಬಾಗ್ಲು ಹಾಕ್ಕಂಡು ಒಬ್ಳೇ ಮಲಗ್ಬೇಕು. ಕೂಸು ಎರೆಯೋಳ ಮಡ್ಲಲ್ಲಿ. ಆಡ್ಕಳೋರು ಯಾರೂ ಹತ್ರ ಬರ್ಬಾರ್ದು, ಬಂದ್ರೆ ಹಾಲು ಬತ್ತತ್ತೆ. ಹೊಸನಗರದ ಕಡೆ ಎಲ್ರೂ ಮಾಡ್ತಾರೆ.”

(ಯಾರೂ ಮಾಡುವುದಿಲ್ಲ. ನಾನು ವಿಚಾರಿಸಿದ್ದೇನೆ.)

ಮೀನಾಕ್ಷಮ್ಮ ಐದು ಹೆತ್ತವರು. ಬಾಣಂತನದ ಒಂದು ಶಾಸ್ತ್ರ ತನಗೆ ಗೊತ್ತಿಲ್ಲ ಎಂದು ಒಪ್ಪುವುದು ಹೇಗೆ?

“ಗೊತ್ತು, ಗೊತ್ತು. ನಮ್ಮತ್ತೆ ನಾಲ್ಕು ತಾಸು ಅಂತಿದ್ರು.”

“ನಾಲ್ಕಾದ್ರೆ ಇನ್ನೂ ಒಳ್ಳೇದು,” ಎಂದಳು ಗುತ್ಯಮ್ಮ.

ಡಾಕ್ಟರು ವಿಶ್ರಾಂತಿ ಎಂದು ಬರೆದುಕೊಟ್ಟಿದ್ದರೆ ಆ ಚೀಟಿ ಕ್ಯಾಲೆಂಡರಿನ ಹಿಂದೆ ಸೇರುತ್ತಿತ್ತು. ಶಾಸ್ತ್ರವಾದ್ದರಿಂದ ಮೀನಾಕ್ಷಮ್ಮನೇ ಬಾಗಿಲಿಗೆ ಕಾವಲು ಕೂತರು. ವಾರ ಕಳೆಯುವುದರೊಳಗೆ ಪಕ್ಕದ ಮನೆಯವರಿಗೂ ಅದನ್ನು ಕಲಿಸಿಕೊಟ್ಟರು, ತಲೆದಿಂಬು ಪೂರ್ವಕ್ಕಿರಬೇಕು ಎಂಬ ಹೊಸ ನಿಯಮ ಸೇರಿಸಿ.

೪

ಈಗ ಮುಕ್ತಾಯ. ಮೂರು ಬರೆದು, ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳಿ ಎನ್ನಲು ಹೊರಟಿದ್ದೆ.

ಒಂದು: ಮಗು ಮೊದಲ ಸಲ ನಕ್ಕಿತು, ತಾಯಿಯ ಎದೆ ತುಂಬಿ ಬಂತು.

“ನಕ್ಕಿದ್ದು ನಿಜ,” ಎಂದಳು ವನಮಾಲಾ. “ನಾನು ಬಟ್ಟೆ ಮಡಿಸ್ತಿದ್ದೆ. ಚೆನ್ನಾಗಿದೆ ಅನ್ನಿಸ್ತು. ಅಷ್ಟೇ. ಎದೆ-ಗಿದೆ ಬೇಡ.”

ಎರಡು: ‘ಅದೇ ಬಸ್ಸು, ಈ ಸಲ ಹಿಂದಿನ ಸೀಟು ಖಾಲಿ...’ ಅರ್ಧ ಸಾಲಿಗೇ ಪೆನ್ನಿನ ಮುಚ್ಚಳ ಹಾಕಿದೆ.

ಮೂರು: ನಿದ್ದೆಯಾದ ದಿನ ಅನ್ನದ ರುಚಿ ತಿಳಿಯುತ್ತದೆ. ಕೆಲವು ದಿನ ಅದೂ ಇಲ್ಲ. (ಇದನ್ನು ಅವಳು ಹೊಡೆದುಹಾಕಲಿಲ್ಲ. ಆದರೆ ಇದು ಮುಕ್ತಾಯವೇ ಅಲ್ಲ.)

ಮೂವತ್ತೊಂದನೇ ದಿನ ಗಂಡ ತೀರ್ಥಹಳ್ಳಿಯಿಂದ ಬಂದ. ಗುತ್ಯಮ್ಮ ಜಗಲಿಯಲ್ಲಿ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡಿದ್ದಳು. ಅವನು ಚಪ್ಪಲಿಯನ್ನೂ ಬಿಡದೆ ಮೆಲ್ಲಗೆ ಮಾತು ತೆಗೆದ:

“ಹೋದ ವಾರ ನಮ್ಮೂರ ಬಸ್ಸಲ್ಲಿ ಬಾಣಂತಿ ಒಬ್ರು ಕೂತಿದ್ರಂತೆ. ಮಗು ಇಲ್ದೆ. ಅಮ್ಮನ ಕಿವಿಗೆ ಬಿದ್ದಿದೆ.”

ಗುತ್ಯಮ್ಮ ಅವನ ಮುಖ ನೋಡಿದಳು. ಒಳ್ಳೆಯವನೇ ಇರಬಹುದು. ಆದರೆ ಕೇಳಿದ್ದನ್ನು ತಾಯಿಗೆ ಹೇಳದೆ ಇರಲಾರ.

“ಬಸ್ಸಲ್ಲಿ ಬಾಣಂತಿನಾ? ನಿಮ್ ತೀರ್ಥಹಳ್ಳಿ ಕಡೆ ಹಂಗೆಲ್ಲ ಕಳಿಸ್ತಾರೇನೋ ಅಯ್ಯಾ. ನಮ್ ಕಡೆ ಇಲ್ಲ.”

ಅವನು ನಾಚಿಕೊಂಡು ಚಪ್ಪಲಿ ಬಿಚ್ಚಿ, ಕಾಲು ತೊಳೆಯಲು ಹೋದ. ನಾನು ಹತ್ತಿರ ಸರಿದೆ.

“ಗುತ್ಯಮ್ಮ, ಮುಂದೇನಾಗತ್ತೆ? ಅವಳು ಇನ್ನೊಂದು ಸಲ ಹೊರಟರೆ? ನನಗಾದರೂ ಹೇಳು.”

“ನಿಮ್ಗೂ ಹೇಳಲ್ಲ, ಯಾರಿಗೂ ಹೇಳಲ್ಲ,” ಎಂದಳು ಗುತ್ಯಮ್ಮ, ಮುಚ್ಚಿದ ಬಾಗಿಲ ಕಡೆ ಕಣ್ಣು ಮಾಡಿ. “ಮೆತ್ತಗೆ ಮಾತಾಡಿ. ಒಳಗೆ ಮಲ್ಗಿದಾರೆ.”